ರಶ್ಮಿಯ ಲ್ಯಾಪ್‌ಟಾಪಿಗೆ ಹೊಸ ಪಾಸ್‌ವರ್ಡ್

ಬಾಳಗಡಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಪಾಸ್‌ವರ್ಡ್ ಮರೆತು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಭಂಡಿಗಡಿಯ ತೋಟದ ಕೆಲಸದ ಧರ್ಮಪ್ಪ ಕಿರಿಮಗಳು ಚೇತನಾಳೊಂದಿಗೆ ಬಂದು ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟಾಗಲೂ ರೇಗಿದೆ.

"ನೆನಪಿಟ್ಕೊಳ್ಳೋಕೆ ಆಗ್ದಿದ್ರೆ ಹಾಕೋದು ಎಂತಕ್ಕೆ ಮಾರಾಯ್ರೇ?"

"ಹಾಕಿದ್ದು ನಾನಲ್ಲ ಮಂಗಳಕ್ಕ. ರಶ್ಮಿ."

ಲ್ಯಾಪ್‌ಟಾಪನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರ ದೊಡ್ಡ ಮಗಳು ರಶ್ಮಿ ಬೇಸಿಗೆಯಲ್ಲಿ ಒಣಗಿದೆಲೆಯ ದರಗು ಗುಡಿಸಲು ಕಾಡಿಗೆ ಹೋಗಿ ಬಂದವಳು ಮಂಗನ ಕಾಯಿಲೆ ಹಿಡಿದು ತೀರಿಕೊಂಡಿದ್ದಳು. ಲ್ಯಾಪ್‌ಟಾಪ್ ಅವಳು ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಲ್ಲಿ ಓದಿಗೆಂದು ಕೊಂಡದ್ದು. ಈಗ ತಂಗಿ ಚೇತನಾ ಡಿಪ್ಲೊಮಾಕ್ಕೆ ಸೇರಿದ್ದಾಳೆ, ಅವಳಿಗೆ ಬೇಕು. ಧರ್ಮಪ್ಪನವರಿಗೆ ಬೇಕಾದದ್ದು ಬೇರೆ. ಸಿರಿಮನೆ ಫಾಲ್ಸಿಗೆ ಹೋದಾಗಿನ ಒಂದು ವೀಡಿಯೋ. ಅದರಲ್ಲಿ ರಶ್ಮಿ "ಅಪ್ಪಯ್ಯ, ಇಲ್ಲಿ ನೋಡು" ಅಂತ ಕರೆಯುತ್ತಾಳಂತೆ. ಫೋನಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಇದಕ್ಕೇ ಹಾಕಿದ್ದಳು.

ಖಾಲಿ ಪೆನ್‌ಡ್ರೈವ್ ಒಂದಕ್ಕೆ ಲಿನಕ್ಸ್ ಹಾಕಿ ಬೂಟ್ ಆಗುವಂತೆ ಮಾಡಿದೆ. ಅದು ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್. ಇನ್‌ಸ್ಟಾಲ್ ಮಾಡದೆಯೂ ಪೆನ್‌ಡ್ರೈವಿನಿಂದಲೇ ಮೆಷಿನ್ ಎಬ್ಬಿಸಬಹುದು, ಹಾಗೆ ಎಷ್ಟೋ ಜನರ ಫೋಟೋಗಳನ್ನು ಹೊರಗೆ ತೆಗೆದುಕೊಟ್ಟಿದ್ದೇನೆ ಎಂದೆ. ಅಷ್ಟು ಹೇಳಬಾರದಿತ್ತು. ಪರದೆ ಬೆಳಗಿದ್ದೇ ತಡ, ಧರ್ಮಪ್ಪ ಕುರ್ಚಿಯಿಂದ ಎದ್ದು ನಿಂತರು. ಡಿಸ್ಕ್ ತೆರೆಯಹೋದರೆ ಅದೂ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಇಲ್ಲದೆ ಯಾರಿಗೂ ತೆರೆಯಲಾಗದಂತೆ ರಶ್ಮಿ ಡಿಸ್ಕನ್ನೇ ಲಾಕ್ ಮಾಡಿದ್ದಳು.

"ಆಸ್ಪತ್ರೇಲಿ ಎಚ್ಚರ ಇದ್ದಾಗ ಕೇಳೋದಲ್ವಾ ಅಪ್ಪಯ್ಯ?" ಚೇತನಾ ಅತ್ತೇಬಿಟ್ಟಳು.

"ಬಾಯಿಗೆ ಬಂದಿತ್ತು ಮಗಾ. ಕೇಳಿದ್ರೆ, ತಾನು ಉಳಿಯೋದಿಲ್ಲ ಅಂತ ಅದಕ್ಕೆ ಗೊತ್ತಾಗ್ತಿತ್ತಲ್ಲ."

ಆ ಹಾಳು ಕಾಯಿಲೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಡಿಸ್ಕನ್ನು ಬಿಚ್ಚಿ ಹಾಗೇ ಇಟ್ಟುಕೊಳ್ಳಲು ಕೊಟ್ಟು ಬೇರೆಯದು ಹಾಕೋಣವೆಂದರೆ ಅದು ಬೋರ್ಡಿಗೇ ಬೆಸೆದದ್ದು. ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ ಎಂದು ಹೇಳಲೇಬೇಕಾಯಿತು.

"ಬೇಡ, ನಾನು ಕಾಲೇಜ್ ಲ್ಯಾಬಲ್ಲೇ ಮಾಡ್ಕೋತೀನಿ" ಎಂದಳು ಚೇತನಾ.

ಧರ್ಮಪ್ಪ ಹೆಗಲ ಟವೆಲಿನಿಂದ ಲ್ಯಾಪ್‌ಟಾಪಿನ ಅಂಚನ್ನು ನಿಧಾನಕ್ಕೆ ಒರೆಸಿದರು. "ಓದೋಕೆ ಅಂತ ತಗೊಂಡಿದ್ದು ಅದು. ಮಾಡಿ ಮಂಗಳಕ್ಕ."

ಅಳಿಸಲು ಒಪ್ಪಿಗೆ ಕೊಡುವ ಕಡೆ ಒತ್ತಿದೆ. ನಾನೂ ಅತ್ತೆ, ಮುಚ್ಚಿಡುವುದೇನು ಬಂತು?

ಹೊಸ ಸಿಸ್ಟಮ್ ಹೆಸರು ಕೇಳಿತು, ಚೇತನಾ ತನ್ನ ಹೆಸರು ಒತ್ತಿದಳು. ಆಮೇಲೆ ಪಾಸ್‌ವರ್ಡ್ ಕೇಳಿತು. ಧರ್ಮಪ್ಪ ಏನೋ ಕೇಳಲು ಬಾಯಿ ತೆರೆದರು. ಮಗಳ ಮುಖ ನೋಡಿ ಹಾಗೇ ಮುಚ್ಚಿಕೊಂಡರು.

ಚೇತನಾಗೆ ಅರ್ಥವಾಯಿತು. "ನೀನು ಕೇಳೋದು ಬೇಡ ಅಪ್ಪಯ್ಯ. ನಾನೇ ಹೇಳ್ತೀನಿ" ಎಂದು ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳುತ್ತ ಒತ್ತಿದಳು. ಪಾಸ್‌ವರ್ಡ್ ಬಾಯಿಬಿಟ್ಟು ಹೇಳಿದವರಿಗೆಲ್ಲ ಬೈಯುವ ನಾನು ಅವತ್ತು ಬೈಯಲಿಲ್ಲ. ಧರ್ಮಪ್ಪ ಅವಳ ಹಿಂದೆಯೇ ಒಂದೊಂದನ್ನೂ ಹೇಳಿಕೊಳ್ಳುತ್ತಿದ್ದರು.