ಮೂರನೇ ಪೆಟ್ಟು

ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ಅಣ್ಣನ ಸ್ಟುಡಿಯೋದಲ್ಲಿ ಗೋಡೆಗಳನ್ನು ಕಿವುಡು ಮಾಡಲೆಂದೇ ಗೇಣು ದಪ್ಪದ ಸ್ಪಂಜು ಹೊದಿಸಿದ್ದರು. ಅದರೊಳಗೆ ಗಾಜಿನದೊಂದು ಗೂಡು, ಗೂಡಿನೊಳಗೆ ಒಂದು ಕುರ್ಚಿ, ಕುರ್ಚಿಯ ಮುಂದೆ ಬೆರಳಿನಿಂದ ತಾಳ ಬಾರಿಸುವ, ಹದಿನಾರು ರಬ್ಬರ್ ಪ್ಯಾಡುಗಳ ಎಲೆಕ್ಟ್ರಾನಿಕ್ ಪೆಟ್ಟಿಗೆ. ತಂಗಿ ಆ ಕುರ್ಚಿಯಲ್ಲಿ ಕೂತು ಒಂಬತ್ತು ವರ್ಷವಾಗಿತ್ತು.

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದಡಬಡ ಎಂದು. ಚಿಕ್ಕವಳಿದ್ದಾಗ ತಟ್ಟೆ, ಡಬ್ಬ, ಅಪ್ಪನ ಬೋಳುತಲೆ, ಯಾವುದನ್ನೂ ಬಡಿಯದೆ ಬಿಟ್ಟವಳಲ್ಲ. ಅವಳ ಎಂಟನೇ ವಯಸ್ಸಿನಲ್ಲಿ ಅಣ್ಣ ಯಾವುದೋ ಸಿಟ್ಟಿಗೆ ದಢಾರನೆ ಬಾಗಿಲು ಹಾಕಿದಾಗ ಅವಳ ಎಡಗೈ ಮಣಿಕಟ್ಟು ಸಂದಿಯಲ್ಲಿ ಸಿಕ್ಕಿಕೊಂಡಿತು. ಮೂಳೆಯೇನೋ ಕೂಡಿತು, ಆದರೆ ಅಂದಿನಿಂದ ಆ ಕೈ ಕೂದಲೆಳೆಯಷ್ಟು ಹಿಂದೆ ಬಿತ್ತು. ನಾಲ್ಕು ಪೆಟ್ಟಿನ ನಡೆಯಲ್ಲಿ ಮೂರನೆಯದು ಎಡಗೈಯ ಪಾಲು. ಬರಲೋ ಬೇಡವೋ ಎಂದು ಯೋಚಿಸಿದ ಹಾಗೆ ಅದು ಯಾವಾಗಲೂ ಚೂರು ತಡವಾಗಿ ಬೀಳುತ್ತಿತ್ತು.

ಈ ತಡವೇ ಅಣ್ಣನ ಕಸುಬನ್ನು ಎತ್ತಿ ನಿಲ್ಲಿಸಿತು ಎಂದರೆ ನಗು ಬರುತ್ತದೆ. ಅಣ್ಣ ಜಾಹೀರಾತಿಗೆ, ವ್ಯಾಯಾಮದ ವಿಡಿಯೋಗಳಿಗೆ ತಾಳ ಮಾಡಿಕೊಡುವವನು. ಆ ಕೆಲಸ ಮಾಡುವವರು ಬೀದಿಗೆ ನಾಲ್ವರಿದ್ದಾರೆ, ಎಲ್ಲರ ತಾಳವೂ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಇರುತ್ತದೆ. ಸಾಫ್ಟ್‌ವೇರಿನಲ್ಲಿ ಕ್ವಾಂಟೈಸ್ ಅಂತ ಒಂದು ಗುಂಡಿಯಿದೆ. ಒತ್ತಿದರೆ ಹಿಂದೆ ಮುಂದೆ ಬಿದ್ದ ಪೆಟ್ಟುಗಳೆಲ್ಲ ಶಾಲೆಯ ಮಕ್ಕಳಂತೆ ಸಾಲಿಗೆ ಬಂದು ನಿಲ್ಲುತ್ತವೆ. ತಂಗಿ ಬಾರಿಸಿದ್ದಕ್ಕೆ ಮಾತ್ರ ಅಣ್ಣ ಆ ಗುಂಡಿ ಮುಟ್ಟುತ್ತಿರಲಿಲ್ಲ.

“ಈ ಎಳೆತ ಇನ್ಯಾರ ಕೈಗೂ ಬರಲ್ಲ ಕಣೆ. ನೀನಿಲ್ದಿದ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕಷ್ಟೆ” ಎನ್ನುತ್ತಿದ್ದ.

ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆಯುವುದೆಂದರೆ ಇದೇ. ಪಾಪ, ಅವನು ಬೇಕೆಂದು ಮಾಡಿದ್ದಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೂ ಅಟ್ಟ ಅಟ್ಟವೇ.

ಐದು ತಿಂಗಳ ಹಿಂದೆ ಒಂದು ಕುಣಿತದ ತಂಡದ ಅಭ್ಯಾಸಕ್ಕೆ ಅವಳು ಒಂದು ಮಧ್ಯಾಹ್ನ ಹೋಗಿ ಬಾರಿಸಿದ್ದಳು. ನಡುವೆ ಕುಣಿಯುವವಳೊಬ್ಬಳು ಜಾರಿ ಬಿದ್ದಳು. ತಂಗಿ ಎರಡೂ ಕೈ ಎತ್ತಿ ಹಿಡಿದು ಕಾದಳು. ಬಿದ್ದವಳು ಮೊಣಕಾಲೂರಿ ಎದ್ದ ಗಳಿಗೆಗೆ ಸರಿಯಾಗಿ ಆ ಮೂರನೇ ಪೆಟ್ಟು ಇಟ್ಟಳು. ಬಿದ್ದದ್ದೂ ಕುಣಿತದ್ದೇ ಒಂದು ಭಾಗವೇನೋ ಅನ್ನಿಸಿತು. ತಂಡ ನಡೆಸುವ ಮೇಡಂ ಅವತ್ತೇ ಕೇಳಿದರು, “ಪೆಟ್ಟಿಗೆ, ಲ್ಯಾಪ್‌ಟಾಪು ಎಲ್ಲ ನಮ್ಮ ಹತ್ರ ಇದೆ. ಕೈ ಇಲ್ಲ. ವರ್ಷಪೂರ್ತಿ ಊರೂರು ಸುತ್ತೋದು. ಬರ್ತೀರಾ?”

ಅವಳಿಗೆ ಹೋಗಬೇಕಿತ್ತು. ಹುಟ್ಟಿದಾರಭ್ಯ ಬೇರೆ ಯಾವುದನ್ನೂ ಅವಳು ಅಷ್ಟು ಬಯಸಿರಲಿಲ್ಲ. ಮನೆಗೆ ಬಂದು ಹೇಳಿದಾಗ ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. “ಹೋಗು. ನಾನೇನು ಕಟ್ಟಿ ಹಾಕಿದ್ದೀನಾ” ಎಂದು ಅರ್ಧ ಊಟಕ್ಕೇ ಎದ್ದ. ಬೆಳಗ್ಗೆ ನೋಡಿದರೆ ಅವನ ಕಣ್ಣು ಊದಿತ್ತು. ಅವಳು ಮೇಡಂಗೆ ಫೋನ್ ಮಾಡಿ ಆಗುವುದಿಲ್ಲ ಎಂದಳು. ಬಸ್ಸು ಹೊರಡುವ ತನಕ ನಿಮ್ಮ ಸೀಟು ನಿಮ್ಮದೇ ಎಂದಿದ್ದರು ಮೇಡಂ. ಆ ಬಸ್ಸು ಹೊರಡುವುದು ಇವತ್ತು, ಸಂಜೆ ಐದೂವರೆಗೆ.

ಗಂಟೆ ನಾಲ್ಕಾಗಿತ್ತು. ಗೂಡಿನ ಮೂಲೆಯ ಸಣ್ಣ ಸ್ಪೀಕರಿನಲ್ಲಿ ಅಣ್ಣನ ದನಿ ಬಂತು, “ಎರಡನೇ ನಡೆ. ಶುರು ಮಾಡು.” ಅವಳು ಹೆಡ್‌ಫೋನ್ ಏರಿಸಿ, ಅದರಲ್ಲಿ ಬಂದ ನಾಲ್ಕರ ಎಣಿಕೆ ಮುಗಿಯುತ್ತಲೇ ಬಾರಿಸತೊಡಗಿದಳು. ಬೆರಳು ತಾಕಿದ ಕಡೆಯೆಲ್ಲ ಪ್ಯಾಡಿನಡಿಯ ದೀಪ ಕೆಂಪಗೆ ಹತ್ತಿ ಆರುತ್ತಿತ್ತು. ಗಾಜಿನಾಚೆ ಅಣ್ಣ ಎಂದಿನಂತೆ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದ.

ಆಗ ಅವಳಿಗೆ ಸೀನು ಬಂತು. ಸಣ್ಣ ಸೀನಲ್ಲ, ಎರಡೂ ಕೈ ಮುಖಕ್ಕೆ ಹೋಗುವಂಥದ್ದು.

ತಾಳ ನಿಲ್ಲಲಿಲ್ಲ. ಒಂದು, ಎರಡು, ಚೂರು ತಡೆದು ಮೂರು, ನಾಲ್ಕು. ಅವಳ ಕೈ ಮೂಗಿನ ಮೇಲಿತ್ತು, ಅವಳದೇ ಎಡಗೈ ಕಿವಿಯಲ್ಲಿ ಬಾರಿಸುತ್ತಿತ್ತು. ಅವಳು ಕೈಗಳನ್ನು ತೊಡೆಯ ಮೇಲಿಟ್ಟು ಕೂತಳು. ಪ್ಯಾಡುಗಳೆಲ್ಲ ಆರಿದ್ದವು. ಎರಡು ನಿಮಿಷ ತಾಳ ಒಂದು ಪೆಟ್ಟೂ ತಪ್ಪದೆ ನಡೆದು ಮುಗಿಯಿತು.

“ಚೆನ್ನಾಗಿ ಬಂತು ಕಣೆ” ಎಂದ ಅಣ್ಣ ಕಣ್ಣು ಬಿಡುತ್ತಾ. “ಈಚೆಗೆ ನಿನ್ನ ಬೆರಳು ತಪ್ಪೋದೇ ಇಲ್ಲ.”

ಅವನು ಕಾಫಿ ತರಲು ಹೋದ. ಅವಳು ಗೂಡಿನಿಂದ ಅವನ ಕಡೆಗೆ ಬಂದಳು. ಪೆಟ್ಟಿಗೆಗೆ ದೀಪ ಹತ್ತುವಷ್ಟು ಕರೆಂಟು ಅದರದೇ ಅಡಾಪ್ಟರಿನಿಂದ ಬರುತ್ತದೆ, ಸದ್ದು ಮಾತ್ರ ಅದರೊಳಗಿಲ್ಲ. ಸದ್ದೆಲ್ಲ ಕಂಪ್ಯೂಟರಿನಲ್ಲಿ, ಕೇಬಲ್ಲು ಸಿಕ್ಕಿಸಿದರಷ್ಟೇ ಪೆಟ್ಟಿಗೆಗೆ ಬಾಯಿ. ಗಾಜಿನ ಕೆಳಗಿನ ತೂತಿನಿಂದ ಬಂದ ಆ ಕೇಬಲ್ಲು ಮೇಜಿನ ಹಿಂದೆ ಸುಮ್ಮನೆ ನೇತಾಡುತ್ತಿತ್ತು. ತುದಿಯಲ್ಲಿ ಧೂಳು ಕೂತು ಗಟ್ಟಿಯಾಗಿತ್ತು. ಇದು ನಿನ್ನೆ ಮೊನ್ನೆ ಬಿಚ್ಚಿದ್ದಲ್ಲ. ರೆಕಾರ್ಡಿಂಗ್ ಇಲ್ಲದಾಗ ನಿನ್ನ ಕಿವಿಗೆ ವಿಶ್ರಾಂತಿ ಅಂತ ಸದ್ದು ಆಫ್ ಮಾಡಿರ್ತೀನಿ ಎಂದು ಅವನು ಹೇಳಿದ್ದೂ ಇದು ಅವಳಿಗೆ ಗೊತ್ತಾಗದಿರಲೆಂದೇ.

ಪರದೆಯ ಮೇಲೆ ಒಂದು ಫೈಲಿತ್ತು, ಹೆಸರು ‘ದಡಬಡ’. ಅವಳು ಕುಣಿತದವರ ವಿಷಯ ಹೇಳಿದ ಮರುದಿನದ ತಾರೀಖು. ಒಂಬತ್ತು ವರ್ಷದ ಅವಳ ಪೆಟ್ಟುಗಳನ್ನು ಮೆಲ್ಲಗಿನದು, ಜೋರಿನದು ಎಂದು ಬಿಡಿಸಿ, ಆ ತಡವನ್ನೂ ಅಳೆದು ಅದರೊಳಗೆ ಜೋಡಿಸಿದ್ದ. ಇನ್ನು ಯಾವ ತಾಳಕ್ಕೆ ಬೇಕಾದರೂ ಅವಳ ಕೈಯನ್ನು ತೊಡಿಸಬಹುದು. ಐದು ತಿಂಗಳಿಂದ ತಾನು ಬಡಿದದ್ದು ಬರೀ ರಬ್ಬರನ್ನು. ತಪ್ಪೇ ಮಾಡುತ್ತಿಲ್ಲ ಎಂದು ಒಳಗೊಳಗೇ ಹಿಗ್ಗಿದ್ದು ಬೇರೆ. ಸಿಟ್ಟಿಗಿಂತ ಮೊದಲು ಬಂದದ್ದು ನಾಚಿಕೆ.

ಅವಳು ಮೇಡಂಗೆ ಫೋನ್ ಮಾಡಿದಳು.

“ಓ, ನೀವಾ? ನಿಮ್ಮ ಕೈ ಬಂದು ಆಗ್ಲೇ ವಾರ ಆಯ್ತಲ್ಲ” ಎಂದು ಮೇಡಂ ನಕ್ಕರು. “ನಿಮ್ಮಣ್ಣ ಫೈಲ್ ಕಳಿಸಿದ್ರು. ತಂಗಿ ಬರಲ್ಲ, ಇದಿದ್ರೆ ಸಾಕು ಅಂದ್ರು. ನೀವೇ ಕೂತಿದ್ದೀರೇನೋ ಅನ್ಸತ್ತೆ.”

ಕೈ ಊರು ಸುತ್ತಲು ಹೊರಟಾಗಿತ್ತು, ಕೈಯೊಡತಿ ಗಾಜಿನ ಗೂಡಿನಲ್ಲಿ ಉಳಿದಿದ್ದಳು. ಅವಳು ಕೇಳಿದಳು, “ಮೇಡಂ, ಯಾರಾದ್ರೂ ಬಿದ್ರೆ ಅದು ಕಾಯತ್ತಾ?”

ಆ ಕಡೆ ಸಾಮಾನು ಎತ್ತಿಡುವ ಸದ್ದು ಕೇಳುತ್ತಿತ್ತು. ಅದನ್ನು ನಿಲ್ಲಿಸಲು ಮೇಡಂ ಯಾರಿಗೋ ಹೇಳಿದರು.

“ನಿನ್ನೆ ಒಬ್ಳು ಬಿದ್ಲು. ಅದು ಕಾಯ್ಲಿಲ್ಲ” ಎಂದರು. “ನಾನು ಕಾಯ್ತೀನಿ. ಐದೂವರೆ ತನಕ.”

ಅಣ್ಣ ಎರಡು ಲೋಟ ಹಿಡಿದು ಬಂದ. ಅವನಿಗೆ ಒಂದು ಅವಕಾಶ ಕೊಡಬೇಕು ಅನ್ನಿಸಿತು ಅವಳಿಗೆ. ಎಷ್ಟಾದರೂ ಒಡಹುಟ್ಟಿದವನು.

“ಅಣ್ಣ, ನಿಜ ಹೇಳು. ನಾನಿಲ್ದೆ ಇಲ್ಲಿ ನಡೆಯಲ್ವಾ?”

“ಎಲ್ಲಿ ನಡೆಯತ್ತೆ?” ಎಂದ ಅವನು, ಲೋಟದ ಅಂಚಿಗೆ ಅಂಟಿದ ಕೆನೆಯನ್ನು ಬೆರಳಿನಿಂದ ತೆಗೆದು ಲೋಟವನ್ನು ಅವಳಿಗೆ ಕೊಡುತ್ತಾ. ಕೆನೆ ಅವಳಿಗಾಗದು, ನಲವತ್ತು ವರ್ಷದಿಂದ ಅವನೇ ತೆಗೆದು ಕೊಡುತ್ತಿದ್ದ. “ನೀನು ಆ ಕುರ್ಚೀಲಿ ಇದ್ರೇನೇ ನಂಗೆ ಕೆಲಸ ಓಡೋದು.”

ಆ ಮಾತು ಮಾತ್ರ ಸುಳ್ಳಲ್ಲ ಎಂದು ಅವಳಿಗೆ ಗೊತ್ತಾಯಿತು. ಅವನಿಗೆ ಬೇಕಾಗಿದ್ದದ್ದು ಅವಳ ಕೈಯಲ್ಲ, ಗಾಜಿನಾಚೆ ಕೂತ ಅವಳು. ಬಾಗಿಲು ಹಾಕಿದ ಆ ದಿನದಿಂದ ಅವಳು ಕಣ್ಣೆದುರು ಇಲ್ಲದಿದ್ದರೆ ಅವನಿಗೆ ಭಯ. ಅಯ್ಯೋ ಪಾಪ ಅನ್ನಿಸಿತು. ಅದೇ ಕಷ್ಟವಾಗಿತ್ತು. ಬೈದಿದ್ದರೆ, ಹೊಡೆದಿದ್ದರೆ ಅವಳು ಎಂದೋ ಹೊರಟಿರುತ್ತಿದ್ದಳು. ಕೆನೆ ತೆಗೆದು ಕೊಡುವವನನ್ನು ಬಿಟ್ಟು ಹೋಗುವುದು ಹೇಗೆ? ಅವಳು ಕಾಫಿ ಕುಡಿದು, ಗೂಡಿಗೆ ಹೋಗಿ, ಕುರ್ಚಿಯಲ್ಲಿ ಕೂತಳು.

“ಅದೇ ನಡೆ, ಇನ್ನೊಂದ್ಸಲ” ಎಂದಿತು ಸ್ಪೀಕರು. ಅಣ್ಣ ಕಣ್ಣು ಮುಚ್ಚಿದ. ತಾಳ ಶುರುವಾಯಿತು.

ಅವಳ ಕೈ ಅಭ್ಯಾಸಬಲದಿಂದ ನಾಲ್ಕು ಪೆಟ್ಟು ಹಾಕಿಯೂ ಬಿಟ್ಟಿತು. ಮೂರನೆಯದರಲ್ಲಿ ಎರಡು ಎಡಗೈಗಳು ಒಟ್ಟಿಗೆ ತಡಮಾಡಿದವು, ಒಂದು ಅವಳದು, ಇನ್ನೊಂದು ಫೈಲಿನದು. ಇಷ್ಟು ವರ್ಷ ಅಣ್ಣನ ತಾಳಕ್ಕೆ ಕುಣಿದದ್ದು ಸಾಲದೆ ಈಗ ತನ್ನ ತಾಳಕ್ಕೇ ತಾನು ಕುಣಿಯಬೇಕೇ? ಅವಳು ಹೆಡ್‌ಫೋನ್ ಕಳಚಿ ಪೆಟ್ಟಿಗೆಯ ಮೇಲಿಟ್ಟಳು. ಗೂಡಿನಿಂದ ನೇರ ಓಣಿಗೆ ತೆರೆಯುವ ಬಾಗಿಲನ್ನು ಭುಜ ಕೊಟ್ಟು ತಳ್ಳಿದಳು. ಬಾಗಿಲು ಭಾರ, ಸ್ಪ್ರಿಂಗಿನದು, ಬಿಟ್ಟರೆ ಗುಂಡು ಹಾರಿದ ಹಾಗೆ ಬಡಿಯುತ್ತದೆ. ಅದನ್ನು ಎಡಗೈಯಲ್ಲಿ ತಡೆದು, ಹೊರಗಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದಲೇ ತಡಕಿ ಮೆಟ್ಟಿಕೊಂಡಳು. ಮಣಿಕಟ್ಟು ನೋಯುತ್ತಿತ್ತು. ಗಾಜಿನಾಚೆ ಅಣ್ಣ ತಲೆಯಾಡಿಸುತ್ತಲೇ ಇದ್ದ.

ತಾಳ ಮುಗಿಯಿತು. ಅವನಿನ್ನೂ ಕಣ್ಣು ಬಿಟ್ಟಿರಲಿಲ್ಲ.

“ಆಹಾ” ಎಂದಿತು ಖಾಲಿ ಗೂಡಿನ ಸ್ಪೀಕರು. “ನೋಡು ದಡಬಡ, ನೀನಿಲ್ದೆ ಇದು ಬರ್ತಿತ್ತಾ?”

ಅವಳು ಎಡಗೈಯನ್ನು ಸಂದಿಯಿಂದ ಈಚೆಗೆ ತೆಗೆದುಕೊಂಡಳು. ಬಾಗಿಲನ್ನು ಬಲಗೈಯಿಂದ ಹಿಡಿದು ಸದ್ದಾಗದ ಹಾಗೆ ಮೆಲ್ಲಗೆ ಹಾಕಿದಳು.