ತಡೆದಿಟ್ಟ ಮೈಲಿಗಳು

"ಒತ್ತಲ್ಯಾ?" ಎಂದು ಮಗಳು ಅಶ್ವಿನಿ ಮೂರನೆಯ ಸಲ ಕೇಳಿದಳು. ಅವಳ ಹೆಬ್ಬೆರಳು ಫೋನಿನ ಗಾಜಿನ ಮೇಲೆ, ಮೀನಿಗೆ ಕಾದ ಕೊಕ್ಕರೆಯಂತೆ ನಿಂತಿತ್ತು.

"ತಡಿಯವಾ," ಎಂದ ಗುರುಬಸವ. ಮಂಡಕ್ಕಿ ಒಗ್ಗರಣೆಯ ತಟ್ಟೆಯ ಪಕ್ಕದಲ್ಲಿ ಬಂಗಾರದ ಬಣ್ಣದ ಕಾರ್ಡು ಬಿದ್ದಿತ್ತು. ಅಂಗಿಯ ಜೇಬಿನಲ್ಲಿ ಬೆವರು ಕುಡಿದು ಕುಡಿದು ಅಂಚಿನ ಬಂಗಾರ ಹೋಗಿ, ಒಳಗಿನ ಬಿಳಿ ಪ್ಲಾಸ್ಟಿಕ್ಕು ಇಣುಕುತ್ತಿತ್ತು.

"ತಡಿಯೂದು ನಿಮ್ಮ ಮನಿತನದ ಕಸುಬು ಬಿಡ್ರಿ," ಎಂದಳು ಹೆಂಡತಿ ಭಾಗ್ಯಶ್ರೀ ಒಲೆಯ ಕಡೆಯಿಂದಲೇ. "ಹನ್ನೆರಡು ವರ್ಷ ಆತು, ಮೈಲಿ ಮೈಲಿ ಅಂತ ಕೂಡಿಸಿ ಇಟ್ಟೀರಿ. ಮೈಲಿಗಿ ಆದಂಗ ಆಗೈತಿ. ಇವತ್ತರ ತೊಳಕೊಳ್ರಿ."

ಗುರುಬಸವ ಸಿಂಧನೂರಿನ ಮೂರು ಮಿಲ್ಲುಗಳ ಅಕ್ಕಿ ಮಾರಿಸಿಕೊಡುವವನು. ಅಂಗೈಯಷ್ಟು ಚೀಲಗಳಲ್ಲಿ ಸೋನಾಮಸೂರಿಯ ಸ್ಯಾಂಪಲ್ಲು ಕಟ್ಟಿಕೊಂಡು ತಿಂಗಳಿಗೆ ಮೂರು ಸಲವಾದರೂ ಮುಂಬೈ, ಕೊಚ್ಚಿ, ಅಹಮದಾಬಾದು ಅಂತ ಹಾರುತ್ತಿದ್ದ. "ಕೊರಳಾಗ ಲಿಂಗ ಐತಿ, ನೋಡಿದ್ರ ಹಾರವ ಆಗ್ಯಾನ" ಎಂದು ಧಾನ್ಯದ ಮಾರುಕಟ್ಟೆ ಗಂಜ್‌ನಲ್ಲಿ ಅವನನ್ನು ಆಡಿಕೊಳ್ಳುತ್ತಿದ್ದರು. ಹಾರಿದ್ದೆಲ್ಲ ಸುವರ್ಣ್ ಏರ್ ಎಂಬ ಒಂದೇ ಕಂಪನಿಯಲ್ಲಿ, ಅದೂ ಹೈದರಾಬಾದಿನಿಂದ. ಹಾರಿದಷ್ಟೂ ಕಂಪನಿ ಅವನ ಹೆಸರಿಗೆ ಮೈಲಿ ಬರೆದಿಡುತ್ತಿತ್ತು, ಕೂಡಿದ ಮೈಲಿಗಳಿಗೆ ಪುಕ್ಕಟೆ ಟಿಕೆಟ್ಟು ಸಿಗುತ್ತಿತ್ತು. ಸಿಂಧನೂರಿನಿಂದ ಹೈದರಾಬಾದಿಗೆ ರಸ್ತೆಯ ಮೇಲೆ ಆರು ತಾಸು. ಸೊಂಟಕ್ಕೆ ಪಟ್ಟಿ ಬಂದು ಎರಡು ವರ್ಷವಾಗಿತ್ತು.

ಈಗ ನೀಲಾಂಬರಿ ಎಂಬ ಹೊಸ ಕಂಪನಿ ತೋರಣಗಲ್ಲಿನಿಂದಲೇ ಮುಂಬೈಗೆ ಹಾರಲು ಸುರುಮಾಡಿತ್ತು. ಎರಡು ತಾಸಿನ ದಾರಿ, ಮಿಲ್ಲಿನ ಜೀಪೇ ಬಿಟ್ಟುಬರುತ್ತದೆ. ಹಳೆಯ ಕಂಪನಿಯ ಬಂಗಾರದ ಕಾರ್ಡಿನ ಫೋಟೊ ಕಳಿಸಿದರೆ ತಮ್ಮಲ್ಲಿಯೂ ಅದೇ ಮರ್ಯಾದೆಯ ಕಾರ್ಡು ಕೊಡುತ್ತೇವೆ ಎಂದಿದ್ದರು. ಇವತ್ತು ಸಂಜೆ ಆರಕ್ಕೆ ಗಡುವು. ಹಳೆಯ ಕಂಪನಿಯಲ್ಲಿ ಆರು ತಿಂಗಳು ಹಾರದಿದ್ದರೆ ಅಲ್ಲಿ ಕೂಡಿಸಿದ ಮೈಲಿಗಳು ತಾವಾಗಿಯೇ ಸತ್ತುಹೋಗುತ್ತವೆ. ಇದನ್ನೆಲ್ಲ ಅಶ್ವಿನಿ ಕಾಲೇಜಿನ ನೋಟ್ಸು ಓದಿದಂತೆ ಓದಿ ಹೇಳಿದ್ದಳು.

"ಅಪ್ಪಾ, ಸೊಂಟ ನಿಂದು, ಕಾರ್ಡು ನಿಂದು. ಮತ್ತ ಯಾರ ಮಾರಿ ನೋಡಾಕತ್ತಿ?"

ಯಾರ ಮುಖ ಎಂಬುದು ಮೂವರಿಗೂ ಗೊತ್ತಿತ್ತು. ಹೈದರಾಬಾದೆಂದರೆ ಪೀರ್‌ಸಾಬ್. ಮಸ್ಕಿಯಿಂದ ನಸುಕಿನಲ್ಲೇ ಬಿಳಿ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿ, ಹಾರನ್ನು ಹೊಡೆಯದೆ, ಒಂದು ಸಲ ಕೆಮ್ಮಿ ಕಾಯುವವನು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ವಿಮಾನ ತಪ್ಪಿಸಿರಲಿಲ್ಲ. ಗುರುಬಸವನನ್ನು ನಿಲ್ದಾಣದ ಒಳಗೆ ಬಿಟ್ಟ ಮೇಲೂ ಕೂಡಲೇ ಊರಿಗೆ ತಿರುಗುತ್ತಿರಲಿಲ್ಲ. ನಿಲ್ದಾಣದ ಹೊರಗಿನ ರಸ್ತೆಯ ಬದಿ ಕಾರು ಹಾಕಿ, ಬುತ್ತಿ ಬಿಚ್ಚಿ ರೊಟ್ಟಿ ತಿಂದು, "ನಿಮ್ಮ ಇಮಾನ ಎದ್ದದ್ದು ನೋಡೇ ಗಾಡಿ ತಿರುವ್ತೀನ್ರಿ, ಸಾವ್ಕಾರ್ರ" ಎನ್ನುತ್ತಿದ್ದ. ಯಾವುದು ಇವನ ವಿಮಾನ ಎಂದು ಅವನಿಗೆ ಹೇಗೆ ಗೊತ್ತಾಗುತ್ತಿತ್ತೋ. ಆ ಹೊತ್ತಿಗೆ ಗುರುಬಸವ ಒಳಗೆ ಬಂಗಾರದ ಕಾರ್ಡಿನವರ ಕೋಣೆಯಲ್ಲಿ ಪುಕ್ಕಟೆ ಇಡ್ಲಿ ತಿನ್ನುತ್ತಿರುತ್ತಿದ್ದ.

ಆರು ತಾಸಿನ ದಾರಿ ಸವೆಯುತ್ತಿದ್ದುದು ಅಣಕದಲ್ಲಿ. ಫೋನಿನ ನಕ್ಷೆಯಲ್ಲಿ ದಾರಿ ಹೇಳುವ ಹೆಣ್ಣಿನ ದನಿಯನ್ನು ಪೀರ್‌ಸಾಬ್ ಹಾಗೇ ಇಳಿಸುತ್ತಿದ್ದ. "ಮುನ್ನೂರು ಮೀಟರಿನ ನಂತರ ಬಲಕ್ಕೆ ತಿರುಗಿ. ಅಲ್ಲೆ ಎಮ್ಮಿ ಮಲಗ್ಯಾವ, ಎಬ್ಬಿಸಬ್ಯಾಡ್ರಿ, ಸುತ್ತ ಹಾಕಿ ಹೋಗ್ರಿ." ಗುರುಬಸವ ಗಗನಸಖಿಯ ಮೂಗಿನ ದನಿಯಲ್ಲಿ ಉತ್ತರ ಕೊಡುತ್ತಿದ್ದ. "ಮಾನ್ಯ ಪ್ರಯಾಣಿಕರೇ, ಇಂದಿನ ನಿಮ್ಮ ಕ್ಯಾಪ್ಟನ್ ಪೀರ್‌ಸಾಬ್ ಮಸ್ಕಿ. ದಯವಿಟ್ಟು ಬೆಲ್ಟು ಬಿಗಿ ಮಾಡಿಕೊಳ್ಳಿ, ಮಾನ್ವಿ ರಸ್ತ್ಯಾಗ ತೆಗ್ಗು ಅದಾವ."

ಎರಡನೆಯ ವರ್ಷ, ಅದೇ ಮಾನ್ವಿ ರಸ್ತೆಯಲ್ಲಿ, ಅದೇ ಮೂಗಿನ ದನಿಯಲ್ಲಿ ಗುರುಬಸವ ಹೇಳಿದ್ದ: "ಪೀರ್‌ಸಾಬ್ ಮತ್ತು ಶ್ರೀಮತಿ ಗುಲ್ಷನ್‌ಬೀ ಅವರನ್ನು ಅಜ್ಮೇರ್ ದರ್ಗಾದ ಪ್ರಯಾಣಕ್ಕೆ ಸ್ವಾಗತಿಸುತ್ತೇವೆ." ಪೀರ್‌ಸಾಬ್ ನಗಲಿಲ್ಲ. ಎರಡು ಊರು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿ ಕೇಳಿದ್ದ.

"ಖರೇನs ಅಂದ್ರ್ಯಾ, ನಗಚಾಟಿಗಿ ಅಂದ್ರ್ಯಾ?"

"ಖರೇ. ನನ್ನ ಮೈಲಿ ಮ್ಯಾಲ ಇಬ್ರನ್ನೂ ಕಳಸ್ತೀನಿ."

"ಹಂಗಾರ ಆಕಿಗಿ ಹೇಳ್ಲ್ಯಾ?"

"ಹೇಳು."

ಆ ವರ್ಷ ಅಜ್ಮೇರಿಗೆ ಹತ್ತಿರದ ಜೈಪುರಕ್ಕೆ ಇಬ್ಬರು ಹೋಗಿ ಬರುವಷ್ಟು ಮೈಲಿ ಅವನ ಹೆಸರಿನಲ್ಲಿ ಇದ್ದವು. ಆದರೆ ಗುರುಬಸವ ಭತ್ತ ತಡೆದು ಮಾರುವವರ ಮಗ. ಸುಗ್ಗಿಯಲ್ಲಿ ಮಾರಿದವ ಬಡವ, ಶ್ರಾವಣದವರೆಗೆ ತಡೆದವ ಸಾವುಕಾರ ಎಂದು ಅಪ್ಪ ಆದೆಪ್ಪ ಹೇಳಿಕೊಟ್ಟಿದ್ದ. ಇನ್ನೊಂದು ವರ್ಷ ತಡೆದರೆ ಗಂಡ ಹೆಂಡತಿ ಮುಂದಿನ ಅಗಲ ಸೀಟಿನಲ್ಲಿ ಕಾಲು ಚಾಚಿ ಹೋದಾರು ಎಂದುಕೊಂಡ. ಮರುವರ್ಷ ಕಂಪನಿ ಅದೇ ಟಿಕೆಟ್ಟಿಗೆ ಹೆಚ್ಚು ಮೈಲಿ ಕೇಳಿತು. ಮೈಲಿಯ ಬೆಲೆ ಇಳಿದದ್ದು ಏರಲೇಬೇಕಲ್ಲ ಎಂದು ಮತ್ತೂ ತಡೆದ. ಮೈಲಿ ಕೂಡಿದಂತೆಲ್ಲ ಅಜ್ಮೇರು ದೂರ ಸರಿಯಿತು. ಈಗ ಅಶ್ವಿನಿ ಲೆಕ್ಕ ಹಾಕಿ, ಹೋಗುವುದಕ್ಕೆ ಸಾಲುತ್ತವೆ, ಬರುವುದಕ್ಕೆ ಕೈಯಿಂದ ದುಡ್ಡು ಹಾಕಬೇಕು ಎಂದಿದ್ದಳು.

"ಒತ್ತು," ಎಂದ ಗುರುಬಸವ.

ಅವಳು ಒತ್ತಿದಳು. ಅಷ್ಟೇ. ಹನ್ನೆರಡು ವರ್ಷಕ್ಕೆ ಒಂದು ಸಪ್ಪಳವೂ ಆಗಲಿಲ್ಲ.

ಅವನು ಎದ್ದು ಅಂಗಿ ಹಾಕಿಕೊಂಡ. ದಲಾಲಿ ಅಂಗಡಿ ಬದಲಿಸುವ ರೈತ ಹೇಳದೆ ಬಿಡಬಾರದು ಎಂಬುದು ಅವರ ಕಡೆಯ ರೂಢಿ. ಹತ್ತೊಂಬತ್ತು ವರ್ಷ ಭತ್ತ ಹಾಕಿದ ಅಂಗಡಿಯನ್ನು ಬಿಡುವ ದಿನ ಆದೆಪ್ಪ ಎಲೆ ಅಡಿಕೆ ಹಿಡಿದು ಹೋಗಿ ಸಾವುಕಾರನ ಗಾದಿಯ ಮೇಲೆ ಇಟ್ಟಿದ್ದ. ಸಾವುಕಾರ ಒಂದು ಎಲೆ ಮಡಿಚಿ ಬಾಯಿಗೆ ಹಾಕಿಕೊಂಡಿದ್ದ. ಹೋಗಿ ಬಾ ಎಂದಂತೆ ಅದು. ಜಗಳವಿರಲಿಲ್ಲ. ಮಾರನೆಯ ದಿನ ಟ್ರ್ಯಾಕ್ಟರು ಬೇರೆ ಅಂಗಡಿಯ ಮುಂದೆ ನಿಂತಿತ್ತು. ಗುರುಬಸವ ಬಸ್ ಸ್ಟ್ಯಾಂಡಿನ ಹೊರಗೆ ಒಂದು ಕಟ್ಟು ಎಲೆ, ಒಂದು ಪುಡಿಕೆ ಅಡಿಕೆ ಕಟ್ಟಿಸಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದ. ಎಲೆಯ ಜೊತೆಗೆ ಟಿಕೆಟ್ಟಿನ ಮಾತನ್ನೂ ಹೇಳಿಬಿಟ್ಟರೆ, ಬಿಡುವುದೂ ಹಗುರ, ಕೊಟ್ಟ ಮಾತೂ ಹಗುರ. ಮಸ್ಕಿ ಬರುವವರೆಗೆ ಅದನ್ನು ಮನಸ್ಸಿನಲ್ಲಿ ಮೂಗಿನ ದನಿಯಲ್ಲಿ ಎರಡು ಸಲ ಹೇಳಿ ನೋಡಿಕೊಂಡ.

ಪೀರ್‌ಸಾಬ್ ಮನೆಯ ಮುಂದೆ ಕಾರು ತೊಳೆಯುತ್ತಿದ್ದ. ಇವನನ್ನು ಕಂಡು ಕೈಯಲ್ಲಿದ್ದ ಅರಿವೆಯನ್ನು ಹಿಂಡುವುದೇ ಮರೆತ.

"ಬಸ್ಸಿಗಿ ಬಂದ್ರ್ಯಾ? ಒಂದು ಫೋನ್ ಮಾಡಿದ್ರ ನಾನs ಬರ್ತಿದ್ನಲ್ರಿ." ಅವನ ಕಣ್ಣು ಕೈಚೀಲದ ಬಾಯಿಂದ ಹೊರಗೆ ಇಣುಕಿದ ಎಲೆಯ ತೊಟ್ಟುಗಳ ಮೇಲೆ ಒಂದು ಗಳಿಗೆ ನಿಂತು, ಅಲ್ಲಿಂದ ಎದ್ದಿತು. "ಬರ್ರಿ, ಒಳಗ ಬರ್ರಿ. ಏ, ಸಾವ್ಕಾರ್ರು ಬಂದಾರ, ಚಾ ಇಡು."

ಗುಲ್ಷನ್‌ಬೀ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಕೋಲೂರಿ ಬಂದಳು. ತನ್ನ ಮಗಳ ಮದುವೆಯಲ್ಲಿ ಓಡಾಡಿ ಬಡಿಸಿದ ಹೆಂಗಸು.

"ಕಾಲಿಗಿ ಏನಾತು, ಭಾಬೀ?"

"ಮೊಣಕಾಲ್ರಿ ಅಣ್ಣಾರ. ಚಿಪ್ಪು ಸವದಾವಂತ. ಈಗ ಬಚ್ಚಲಕ ಹೋಗಾಕೂ ಇವ್ರನ್ನ ಕರೀಬೇಕು. ಇವ್ರು ಮುಂದೊಂದು ಎಮ್ಮಿ ಮಲಗೈತಿ, ಸುತ್ತ ಹಾಕ್ರಿ ಅಂತ ನಕ್ಷೆದಾಕಿ ದನಿ ತಗೀತಾರ." ಅವಳು ನಕ್ಕಳು.

ಅವಳು ನಿಧಾನವಾಗಿ ತಂದುಕೊಟ್ಟ ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದು ಗುರುಬಸವ ಗಂಟಲು ಸರಿಮಾಡಿಕೊಂಡ. ಮೂಗಿನ ದನಿ ಬರಲಿಲ್ಲ. ತನ್ನ ದನಿಯಲ್ಲೇ ಹೇಳಿದ.

"ಪೀರ್‌ಸಾಬ್, ನಿಮ್ಮಿಬ್ರ ಆಧಾರ್ ಕಾರ್ಡ್ ಕೊಡು. ಅಜ್ಮೇರ್ದು ಟಿಕೀಟ್ ಮಾಡಸ್ತೀನಿ. ಜೈಪುರ ತನಕ ಇಮಾನ, ಅಲ್ಲಿಂದ ಕಾರು. ಭಾಬಿಗಿ ಗಾಲಿ ಕುರ್ಚಿ ಹೇಳ್ತೀನಿ, ಬಾಗಿಲಿನಿಂದ ಸೀಟಿನ ತನಕ ಅವ್ರs ಒಯ್ತಾರ. ಯಾವ ವಾರ ಹೋಗ್ತೀರಿ ಅಷ್ಟು ಹೇಳು."

ಗುಲ್ಷನ್‌ಬೀ ಗಂಡನ ಮುಖ ನೋಡಿದಳು. ಪೀರ್‌ಸಾಬ್ ಅರಿವೆಯನ್ನು ಈಗ ಹಿಂಡತೊಡಗಿದ. ಅದರಲ್ಲಿ ನೀರು ಉಳಿದಿರಲಿಲ್ಲ.

"ಆತ್ರಿ, ನೋಡೂಣು. ಅವಸ್ರ ಏನೈತಿ," ಎಂದ.

"ಹತ್ತು ವರ್ಷ ಆತು ಮಾರಾಯ, ಇನ್ನೇನು ನೋಡ್ತಿ."

"ಅಣ್ಣಾರ," ಎಂದಳು ಗುಲ್ಷನ್‌ಬೀ, ಸೆರಗು ತಲೆಯ ಮೇಲೆ ಎಳೆದುಕೊಂಡು. "ಸುಳ್ಳು ಹೇಳಿ ದರ್ಗಾದ್ದು ಮಾತಾಡಬಾರ್ದು. ನಾವು ಹೋಗಿ ಬಂದೀವ್ರಿ."

"ಕಾಯ್ಕು ಬೋಲೀ ಗೇ, ಯಾಕ ಹೇಳಿದಿ," ಎಂದು ಪೀರ್‌ಸಾಬ್ ಗೋಡೆಗೆ ಹೇಳಿದಂತೆ ಹೇಳಿದ.

ಹೋದ ಚಳಿಗಾಲದಲ್ಲಿ. ಸಿಕಂದರಾಬಾದಿನಿಂದ ರೈಲಿನಲ್ಲಿ. ಡಾಕ್ಟರು ಇನ್ನೊಂದು ವರ್ಷಕ್ಕೆ ಈ ಕಾಲು ಆಗುವುದಿಲ್ಲ ಎಂದಿದ್ದರಂತೆ. ಗುರುಬಸವನಿಗೆ ಆ ಎಂಟು ದಿನ ನೆನಪಿದ್ದವು. ಕಲಬುರಗಿಯಲ್ಲಿ ನಾದಿನಿಗೆ ಸೀರಿಯಸ್ಸು ಎಂದು ಪೀರ್‌ಸಾಬ್ ರಜೆ ಕೇಳಿದ್ದ. ಇವನು ಬೇರೆ ಗಾಡಿಯಲ್ಲಿ ಹೋಗಿ, ವಿಮಾನ ತಪ್ಪಿಸಿಕೊಂಡು, ಸಿಟ್ಟಾಗಿದ್ದ. ಅವನು ತಿರುಗಿ ಬಂದ ಮೇಲೆ ದಾರಿಯುದ್ದಕ್ಕೂ ಅಣಕಿಸಿದ್ದ. "ಪ್ರಯಾಣಿಕರ ಗಮನಕ್ಕೆ, ನಮ್ಮ ಕ್ಯಾಪ್ಟನ್ನರು ನಾದಿನಿಯ ಸೇವೆಯಲ್ಲಿ ಕಾಣೆಯಾಗಿದ್ದಾರೆ." ಪೀರ್‌ಸಾಬ್ ಸ್ಟೇರಿಂಗ್ ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದ.

"ಯಾಕ ಹೇಳಿಲ್ಲ ನನಗ?"

"ಹೆಂಗ ಹೇಳ್ಲಿರಿ? ನೀವು ಮಾತು ಕೊಟ್ಟೀರಿ. ನಾವು ರೈಲಿಗಿ ಹೋಗಿ ಬಂದ್ವಿ ಅಂದ್ರ ನಿಮ್ಮ ಮಾತು ನಾವs ಮುರದಂಗ ಆಕ್ಕಿತ್ತು." ಪೀರ್‌ಸಾಬ್ ಅರಿವೆಯನ್ನು ಕಿಟಕಿಯ ಸರಳಿಗೆ ಒಣಗಲು ಹಾಕಿದ. "ನಿಮಗ ಬ್ಯಾಸರ ಆಗೂದು ಬ್ಯಾಡ ಅಂತ."

"ಎರಡು ದಿನದ ದಾರಿ. ಈ ಕಾಲು ತಗೊಂಡು."

"ಸೀಟು ಕಿಟಕಿ ಕಡೆ ಸಿಕ್ಕಿತ್ರಿ," ಎಂದಳು ಗುಲ್ಷನ್‌ಬೀ ಅವನನ್ನು ಸಮಾಧಾನ ಮಾಡುವವಳಂತೆ. "ಛಲೋ ಆತು. ಮ್ಯಾಲ ಇಮಾನ ಹೋದಾಗೊಮ್ಮೆ ಕೇಳ್ತಿದ್ನಿ, ಅದs ಏನ್ರಿ ಅಣ್ಣಾರ್ದು ಅಂತ. ಇವ್ರು ಹೂಂ, ಅದs, ನೋಡು ಬಾಲ ಬಂಗಾರ ಐತಿ ಅಂತಿದ್ರು."

ಗುರುಬಸವ ಚಹಾ ಕುಡಿದ. ಅದು ಆಗಲೇ ಆರಿತ್ತು. ಅವಳು ಕೋಲೂರಿ ಒಳಗೆ ಹೋದಳು. ಕಪಾಟಿನ ಬಾಗಿಲು ತೆರೆದ ಸಪ್ಪಳ, ಏನನ್ನೋ ಸರಿಸಿದ ಸಪ್ಪಳ. ಆಮೇಲೆ ಪೀರ್‌ಸಾಬ್ ತಾನೇ ಕೈಚಾಚಿ ಚೀಲದಿಂದ ಎಲೆಯ ಕಟ್ಟು ತೆಗೆದ. ಬಸ್ಸಿನ ಬಿಸಿಲಿಗೆ ಮೇಲಿನ ಎಲೆಗಳು ಬಾಡಿದ್ದವು. ಒಳಗಿನ ಒಂದನ್ನು ಹುಡುಕಿ, ಅಂಗಿಗೆ ಒರೆಸಿ, ತೊಟ್ಟು ಮುರಿದು, ಎರಡು ಹೋಳು ಅಡಿಕೆಯಿಟ್ಟು ಮಡಿಚಿ ಬಾಯಿಗೆ ಹಾಕಿಕೊಂಡ.

"ಪೀರ್‌ಸಾಬ್, ನಾ ಇನ್ನ ಹೇಳೇ ಇಲ್ಲ."

"ದಲಾಲಿ ಅಂಗಡ್ಯಾಗ ಒಂಬತ್ತು ವರ್ಷ ಲಾರಿ ಹೊಡದೀನ್ರಿ, ಸಾವ್ಕಾರ್ರ. ಎಲಿ ಕಂಡ್ರ ತಿಳಿಯಂಗಿಲ್ಲೇನು? ತೋರಣಗಲ್ ಹೌದಿಲ್ಲೋ? ಗಂಜ್‌ನ್ಯಾಗ ಮಾತಾಡಾಕತ್ಯಾರ." ಅವನು ನಿಧಾನವಾಗಿ ಅಗಿದ. "ಸನೇ ಆತು, ಎರಡು ತಾಸಿನ ದಾರಿ. ನಿಮ್ಮ ಸೊಂಟಕ್ಕ ಛಲೋ. ಇಮಾನ ಬದ್ಲಿ ಮಾಡಿದ್ರ ಇಮಾನ್ ಬದ್ಲಿ ಆದಂಗಲ್ಲ, ನಿಯತ್ತು ಅದs ಇರತೈತಿ ಬಿಡ್ರಿ."

ತನ್ನ ಮಾತಿಗೆ ತಾನೇ ನಗಲು ನೋಡಿದ. ಗುರುಬಸವನಿಗೆ ನಗು ಕೂಡಿಸಲು ಆಗಲಿಲ್ಲ. ಬೆಳಿಗ್ಗೆ ಅಶ್ವಿನಿಗೆ ಇನ್ನೊಂದು ಸಲ ತಡಿಯವಾ ಎನ್ನಬಹುದಾಗಿತ್ತು ಎನ್ನಿಸಿತು. ತಡೆಯಬೇಕಾದದ್ದನ್ನು ತಡೆಯದೆ, ತಡೆಯಬಾರದ್ದನ್ನು ತಡೆದು ಕುಳಿತಿದ್ದ.

ಗುಲ್ಷನ್‌ಬೀ ಬಂದು ಅವನ ಅಂಗೈಯಲ್ಲಿ ಒಂದು ಸಣ್ಣ ಪೊಟ್ಟಣ ಇಟ್ಟಳು. ಹಸಿರು ಕಾಗದ, ಮೇಲೆ ಕೆಂಪು ನೂಲು.

"ಅಜ್ಮೇರ್ದು ತಬರ್ರುಕ್ರಿ, ಪ್ರಸಾದ. ಅವತ್ತs ನಿಮ್ಮ ಹೆಸರಿಲೆ ತಂದಿದ್ವಿ. ಕೊಟ್ರ ನಿಮಗ ಗೊತ್ತಾಕ್ಕಿತ್ತು, ಅದಕ್ಕ ಇಟ್ಟಿದ್ನಿ."

ನೂಲು ಬಿಚ್ಚಿದ. ಒಣಗಿ ಕಪ್ಪಾದ ಗುಲಾಬಿಯ ಎಸಳು, ಸಕ್ಕರೆಯ ಏಲಕ್ಕಿ ಗುಂಡುಗಳು. ಒಂದು ಮಳೆಗಾಲ ಕಪಾಟಿನಲ್ಲಿ ಕಳೆದು ಗುಂಡುಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಗಟ್ಟಿಯಾಗಿದ್ದವು. ಪೀರ್‌ಸಾಬ್ ಅಡಕೊತ್ತಿನಿಂದ ಅದರ ಮೂಲೆ ಕತ್ತರಿಸಿ ಕೊಟ್ಟ.

"ಬರ್ರಿ, ಗಾಡೀಲೆ ಸಿಂಧನೂರು ತನಕ ಬಿಡ್ತೀನಿ," ಎಂದ.

"ಬ್ಯಾಡ. ಬಸ್ಸಿಗಿ ಹೋಗ್ತೀನಿ."

ಪೀರ್‌ಸಾಬ್ ಒತ್ತಾಯ ಮಾಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ನಡೆದ. ಲಿಂಗಸುಗೂರಿನಿಂದ ಬಂದ ಬಸ್ಸು ತುಂಬಿತ್ತು. ಕಂಡಕ್ಟರನಿಗೆ ಏನೋ ಹೇಳಿ ಕಿಟಕಿಯ ಕಡೆ ಸೀಟು ಕೊಡಿಸಿದ. ಗುರುಬಸವ ಕುಳಿತಾಗ ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ನೀಲಾಂಬರಿ ಪರಿವಾರಕ್ಕೆ ಸ್ವಾಗತ ಎಂದಿತ್ತು. ಅವನು ಅದನ್ನು ಜೇಬಿಗೆ ಹಾಕಿ ಕಿಟಕಿಯಿಂದ ಹೊರಗೆ ನೋಡಿದ.

"ಹೋಗು ಪೀರ್‌ಸಾಬ್. ಬಿಸಿಲೈತಿ."

"ಇಮಾನ ಏಳ್ಲಿ ತಡೀರಿ," ಎಂದ ಪೀರ್‌ಸಾಬ್.

ಡ್ರೈವರು ಚಹಾ ಕುಡಿದು ಬರುವವರೆಗೆ ಬಸ್ಸು ಹತ್ತು ನಿಮಿಷ ನಿಂತಿತು. ಪೀರ್‌ಸಾಬ್ ಕೈ ಹಿಂದೆ ಕಟ್ಟಿ, ಎಲೆ ಅಗಿಯುತ್ತ, ಬಿಸಿಲಿನಲ್ಲಿ ನಿಂತೇ ಇದ್ದ. ಬಸ್ಸು ಹೊರಳಿ ರಸ್ತೆಗೆ ಬಂದ ಮೇಲೂ ಅವನ ಬಿಳಿ ಅಂಗಿ ಅಲ್ಲೇ ಕಾಣುತ್ತಿತ್ತು. ಗುರುಬಸವ ಸಕ್ಕರೆಯ ತುಣುಕನ್ನು ಬಾಯಿಗೆ ಹಾಕಿಕೊಂಡ. ಬಸ್ಸು ಗುಡ್ಡ ದಾಟಿ ಭತ್ತದ ಗದ್ದೆಗಳ ನಡುವೆ ಬಂತು. ಬಾಯೊಳಗಿನ ತುಣುಕು ಇನ್ನೂ ಕರಗಿರಲಿಲ್ಲ.