ಪಾಲಿಲ್ಲದ ಕೈ

"ಉಗುಳಿದ್ರ ನಾಲಿಗಿ ಕಿತ್ತ ಕೈಯಾಗ ಕೊಡತೇನಿ, ಬೋಸುಡಿ! ಇದೇನ ನಿಮ್ಮಪ್ಪನ ಅಂಗಳ ಅಂತ ತಿಳದೀಯೇನ?"

ಕಟ್ಟೆಯ ಮೇಲಿಂದ ಸಾಹುಕಾರ ಪ್ರಭುಲಿಂಗಪ್ಪ ಒದರಿದ. ನಾನು ಉಗುಳಿರಲಿಲ್ಲ. ಮೆಣಸಿನಕಾಯಿ ಘಾಟಿಗೆ ಕೆಮ್ಮು ಬಂದು ಬಾಯಿ ತೆರೆದಿದ್ದೆ, ಅಷ್ಟೇ. ಬಾಯಿಯೊಳಗೆ ಎಲೆ ಅಡಿಕೆಯ ರಸ ತುಂಬಿತ್ತು. ಯಾವತ್ತಿನ ಹಾಗೆ ಅದನ್ನು ನುಂಗಿದೆ. ಕಾಯಿಯ ತೊಟ್ಟು ಮುರಿಯುವ ಹೆಂಗಸರು ಎಲೆ ಅಡಿಕೆ ಇಲ್ಲದೆ ಆ ಘಾಟಿನಲ್ಲಿ ಕೂರಲಾರರು. ಆದರೆ ಆ ಅಂಗಳದಲ್ಲಿ ಉಗುಳುವಂತಿರಲಿಲ್ಲ. ಮದುವೆಯಾಗಿ ಗೂಡುಸಾಬನ ಹಿಂದೆ ಆ ಮನೆಗೆ ದುಡಿಯಲು ಬಂದಾಗಿನಿಂದ ನಾನು ನುಂಗುತ್ತಲೇ ಇದ್ದೆ.

"ರಾಶಿ ಆಮ್ಯಾಲ ನೋಡೂವಂತಿ. ಕೈ ತೊಳಕೊಂಡ ಇಲ್ಲೆ ಬಾ, ರಹಿಮತಿ."

ಅವತ್ತು ಮನೆಯಲ್ಲಿ ವಾಟ್ನಿ, ಆಸ್ತಿ ಪಾಲು ಮಾಡುವ ದಿನ. ಎದೆನೋವು ಅಂತ ಹುಬ್ಬಳ್ಳಿ ದವಾಖಾನೆಗೆ ಹೋಗಿ ಬಂದ ಮೇಲೆ ಸಾಹುಕಾರನಿಗೆ ಒಂದೇ ಧ್ಯಾಸ ಹಿಡಿದಿತ್ತು. ತಾನು ಕಣ್ಣು ಮುಚ್ಚುವುದರೊಳಗೆ ಇಬ್ಬರು ಮಕ್ಕಳಿಗೂ ಆಸ್ತಿ ಹಂಚಿಬಿಡಬೇಕು, ತಾನು ಹೋದ ಮೇಲೆ ಅವರು ಕೋರ್ಟು ಕಚೇರಿ ಅಂತ ಅಲೆಯಬಾರದು. ಅದಕ್ಕೇ ಎರಡು ಪಾಲು ಮಾಡಿ, ಅಯ್ಯನವರನ್ನು ಕರೆಸಿದ್ದ.

ಆ ಮನೆತನದಲ್ಲಿ ಒಂದು ಪದ್ಧತಿ. ಎರಡು ಎಲೆ ಮಡಚಿ, ಒಂದರೊಳಗೆ ಅಡಿಕೆ, ಇನ್ನೊಂದರೊಳಗೆ ಲವಂಗ ಇಟ್ಟು, ದಾರ ಸುತ್ತಿ ಮೊರದಲ್ಲಿ ಇಡುತ್ತಾರೆ. ಅಡಿಕೆ ಬಂದವನಿಗೆ ಒಂದು ಪಾಲು, ಲವಂಗ ಬಂದವನಿಗೆ ಇನ್ನೊಂದು. ಎಲೆ ಎತ್ತುವ ಕೈ ಮಾತ್ರ ಆಸ್ತಿಯಲ್ಲಿ ಪಾಲಿಲ್ಲದ ಕೈ ಆಗಿರಬೇಕು. ಮೊದಲಿನಿಂದಲೂ ಅದು ಮನೆಮಗಳ ಕೆಲಸ. ಅದಕ್ಕೇ ಸಾಹುಕಾರನ ಮಗಳು ನೀಲಗಂಗವ್ವ ಗಂಡನ ಮನೆಯಿಂದ ಬಂದು, ತಲೆ ತುಂಬ ಸೆರಗು ಹೊದ್ದು ಕೂತಿದ್ದಳು.

ಅಯ್ಯನವರು ಅವಳನ್ನು ನೋಡಿ ತಲೆ ಅಲ್ಲಾಡಿಸಿದರು. "ಈಗ ಸರಕಾರದವ್ರು ಹೆಣ್ಮಕ್ಕಳಿಗೂ ಪಾಲು ಐತಿ ಅಂದಾರ, ಪ್ರಭುಲಿಂಗಪ್ಪಾ. ಈಕಿ ಕೈ ನಡಿಯಂಗಿಲ್ಲ."

"ಆಕಿ ನಂಗೇನೂ ಬ್ಯಾಡ ಅಂತ ಬರಕೊಟ್ಟಾಳಲ್ರಿ! ಇಳಕಲ್ಲ ಸೀರಿ ಉಡಿಸೇವಿ."

"ಬ್ಯಾಡ ಅಂತ ಬರಕೊಟ್ಲು ಅಂದ್ರ, ಇತ್ತು ಅಂತಾತಲ್ಲೋ!"

ನೀಲಗಂಗವ್ವ ಹೊಸ ಸೀರೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಕಿರಿಯ ಮಗ ಮಾಲತೇಶಪ್ಪ ನನ್ನ ಕಡೆ ನೋಡಿ ನಕ್ಕ. "ಈ ಮನ್ಯಾಗ ಒಂದ ಹಿಡಿ ಮಣ್ಣೂ ತನ್ನದಲ್ಲ ಅನ್ನಾಕಿ ಅಂದ್ರ ಈಕಿನ. ಈಕಿ ಕಡಿಂದ ಎತ್ತಸ್ರಿ."

ನಾನು ಕೈ ತೊಳೆದೆ. ತೊಳೆದರೆ ಮೆಣಸಿನಕಾಯಿ ಉರಿ ಹೋಗುತ್ತದೆಯೇ? ಉರಿಯುವ ಕೈಯಲ್ಲೇ ಕಟ್ಟೆಯ ಹತ್ತಿರ ಹೋದೆ.

"ಮ್ಯಾಲ ಹತ್ತಬ್ಯಾಡ. ತೆಳಗ ನಿಂದ್ರು. ಮೊರಾ ತೆಳಗ ಸರಸ್ತೇವಿ," ಅಂದ ಸಾಹುಕಾರ.

ಎಲೆ ಎತ್ತುವ ಮೊದಲು ಎರಡೂ ಪಾಲನ್ನು ಎಲ್ಲರ ಕಿವಿಗೂ ಬೀಳುವಂತೆ ಕೂಗಿ ಹೇಳಬೇಕು. ಅಯ್ಯನವರು ಕೂಗಿದರು.

"ಅಡಿಕಿ ಪಾಲಿಗೆ ಹಲಗೇರಿ ಎರಿಹೊಲ, ಬಾವಿ, ಚಕ್ಕಡಿ, ಎತ್ತಿನ ಜೋಡಿ, ಗೂಡುಸಾಬ. ಲವಂಗದ ಪಾಲಿಗೆ ಬ್ಯಾಡಗಿ ಅಂಗಡಿ, ವಖಾರಿ, ಜೀಪು, ತಕ್ಕಡಿ, ರಹಿಮತಿ."

ನನಗೆ ಮೊದಲು ತಿಳಿಯಲಿಲ್ಲ. ನನ್ನ ಹೆಸರು ಅಲ್ಲಿ ಯಾಕೆ ಬಂತು ಅಂದುಕೊಂಡೆ. ಗೋದಲಿಯ ಹತ್ತಿರ ನನ್ನ ಗಂಡ ಎತ್ತಿನ ಕೊರಳು ತಿಕ್ಕುತ್ತಿದ್ದ. ಅವನ ಕೈ ನಿಂತಿತು. ಆಗ ತಿಳಿಯಿತು.

"ಸಾವ್ಕಾರ್ರ, ಅವರು ಹಲಗೇರಿಗೆ, ನಾ ಬ್ಯಾಡಗಿಗೆ ಅಂದ್ರ ಹೆಂಗ್ರಿ?"

"ಹೆಂಗಂದ್ರ? ಅವಂಗ ಎತ್ತು ಗೊತ್ತು, ನಿಂಗ ಕಾಯಿ ಗೊತ್ತು. ಇಬ್ರನ್ನೂ ಒಬ್ಬಂಗ ಕೊಟ್ರ, ಅಪ್ಪ ಮೋಸ ಮಾಡಿದ ಅಂತ ಇನ್ನೊಬ್ಬ ಅನ್ನಂಗಿಲ್ಲೇನ? ನಾ ಸಮ ಸಮ ಹಂಚೇನಿ."

"ನಮ್ಮ ಮನಿ?"

ಮಾಲತೇಶಪ್ಪ ಕಾಲಿನಿಂದ ತೋರಿಸಿದ. ಬೆಳಿಗ್ಗೆ ಅಂಗಳದ ನಡುವೆ ಸುಣ್ಣದ ಗೆರೆ ಎಳೆದಿದ್ದರು. ಅದು ತಲಬಾಗಿಲಿಂದ ಹೊರಟು ನೇರವಾಗಿ ನಮ್ಮ ತಗಡಿನ ಮನೆಯ ಹೊಸ್ತಿಲಿಗೆ ಬಂದು, ಒಳಗೆ ಹೊಕ್ಕು, ಹಿತ್ತಲಿಗೆ ಹೋಗಿತ್ತು. "ಬಾಗಲಾ ಒಂದ ಪಾಲಿಗೆ ಹೋತು, ಒಲಿ ಒಂದ ಪಾಲಿಗೆ. ಅಮಾಸಿ ಮುಗದ ಕೂಡಲೆ ತಗಡ ಬಿಚ್ಚೂದು."

"ಅಪ್ಪಾ, ಇವರ ಹುಡುಗಿ ಯಾರ ಕಡೆ?" ಹಿರಿಯ ಮಗ ಸೋಮಣ್ಣ ಕೇಳಿದ. ಕೇಳಿದ್ದು ನನ್ನ ಮಗಳು ಹಾಜಿರಾಬಿಯ ಬಗ್ಗೆ.

"ಆಕಳ ಜೋಡಿ ಕರಾ ಹೋಗೂದು, ಅದೂ ಒಂದ ಕೇಳೂ ಮಾತೇನಲೇ?"

ಎಲ್ಲರೂ ನಕ್ಕರು. ಅಯ್ಯನವರೂ ನಕ್ಕರು.

ಗೂಡುಸಾಬ ಟವೆಲ್ಲು ಕಂಕುಳಲ್ಲಿ ಹಿಡಿದು ಬಂದು ಕೈ ಮುಗಿದ. "ಸಣ್ಣಾಂವಿದ್ದಾಗಿಂದ ನಿಮ್ಮ ಮನ್ಯಾಗ ದುಡದೇನ್ರಿ, ಯಪ್ಪಾ. ಮೂರೂ ಮಂದೀನ್ನ ಒಂದ ಕಡೆ ಹಾಕ್ರಿ. ಯಾವ ಕಡೆ ಹಾಕಿದ್ರೂ ನಡೀತೈತಿ."

"ಸೂಳೇಮಗನ, ಪಾಲ ಮಾಡೂ ಮುಂದ ಎತ್ತು ಬಾಯಿ ಹಾಕತಾವೇನ? ಹೋಗ, ಹುಲ್ಲ ಹಾಕಹೋಗ."

ಅವನು ಹಿಂದೆ ಸರಿದ. ಅವನ ಮೇಲೆ ನನಗೆ ಸಿಟ್ಟು ಬಂತು. ಮರುಗಳಿಗೆ ಅಳು ಬಂತು. ಎದ್ದು ಹೋಗೋಣವೆಂದರೆ ಎಲ್ಲಿಗೆ? ಹಿಂದೊಮ್ಮೆ ಅವನು ಕುಮಾರಪಟ್ಟಣದ ಕಡೆ ಲಾರಿಗೆ ಹೇರುವ ಕೂಲಿ ಹುಡುಕಿಕೊಂಡು ಹೋಗಿದ್ದ. ಅಲ್ಲಿನ ಗುತ್ತಿಗೆದಾರ ಸಾಹುಕಾರನ ಬೀಗ. "ನೀ ನಮ್ಮ ಪ್ರಭುಲಿಂಗಪ್ಪನ ಆಳಲ್ಲೇನ?" ಅಂದವನೇ ಸಂಜೆಯ ಲಾರಿಯಲ್ಲಿ ವಾಪಸು ಕಳಿಸಿದ್ದ. ಬ್ಯಾಡಗಿ ಪೇಟೆಯಲ್ಲಿ ನಾನು ಯಾವ ಅಂಗಡಿಯ ಮುಂದೆ ಕೂತರೂ ಅದೇ ಮಾತು ಹೇಳಿ ಎಬ್ಬಿಸುತ್ತಾರೆ.

"ಎತ್ತ. ಮದ್ಲ ಎತ್ತಿದ್ದು ಸೋಮಣ್ಣಗ," ಅಂದರು ಅಯ್ಯನವರು.

ಮೊರದಲ್ಲಿ ಎರಡೂ ಎಲೆ ಪಕ್ಕಪಕ್ಕ ಇದ್ದವು. ಯಾವುದನ್ನು ಎತ್ತಿದರೂ ನನ್ನ ಗಂಡನನ್ನು ನನ್ನ ಕೈಯಿಂದಲೇ ಹೊರಗೆ ಹಾಕಿದಂತೆ. ಪಾಲಿಲ್ಲದ ಕೈ ಅಂತೆ! ಈ ಭೂಮಿಯ ಮೇಲೆ ನನ್ನವರು ಅಂತ ಇದ್ದವರನ್ನೆಲ್ಲ ಆ ಎರಡು ಎಲೆಯೊಳಗೆ ಕಟ್ಟಿ ಇಟ್ಟಿದ್ದರು.

ಎರಡನ್ನೂ ಎತ್ತಿಕೊಂಡೆ.

"ಏ, ಒಂದ ಎತ್ತ! ಎರಡ್ಯಾಕ?"

ನಾನು ಹಿಂದಕ್ಕೆ ನಡೆದು ನಮ್ಮ ಹೊಸ್ತಿಲ ಮುಂದೆ ನೆಲಕ್ಕೆ ಕೂತೆ. ದಾರ ಬಿಚ್ಚಿದೆ. ಎಲೆಗಳ ತೊಟ್ಟು ಮುರಿದೆ. ದಿನಾ ತೊಟ್ಟು ಮುರಿಯುವ ಕೈ, ತಾನೇ ಮುರಿಯಿತು. ಸೊಂಟದ ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಎಲೆಗೆ ಸವರಿದೆ. ಅಡಿಕೆ, ಲವಂಗ ಎರಡನ್ನೂ ಒಳಗಿಟ್ಟು, ಮಡಚಿ ಬಾಯಿಗೆ ಹಾಕಿದೆ. ಅವರು ನೋಡುತ್ತಲೇ ಇದ್ದರು. ಅಡಿಕೆ ಕಟಂ ಎಂದಾಗ ಅವರಿಗೆ ತಿಳಿಯಿತು.

"ಎಂಜಲಾತು! ವಾಟ್ನಿ ಎಂಜಲಾತು!" ಅಯ್ಯನವರು ಎದ್ದು ನಿಂತರು.

"ಉಗುಳ, ರಂಡಿ! ಉಗುಳ!" ಸಾಹುಕಾರ ಎದೆ ಹಿಡಿದುಕೊಂಡು ಕೂಗಿದ.

ಮಾಲತೇಶಪ್ಪ ಕಟ್ಟೆಯಿಂದ ಜಿಗಿದು ಬಂದು ನನ್ನ ಕೂದಲು ಹಿಡಿದ. ಎರಡು ಬೆರಳಿನಿಂದ ದವಡೆ ಒತ್ತಿದ. ನಾನು ಅಗಿಯುತ್ತಲೇ ಇದ್ದೆ. ನಮ್ಮವ್ವನಾಣೆ, ಅಂಥ ರುಚಿಯ ಎಲೆ ನಾನು ಯಾವತ್ತೂ ತಿಂದಿರಲಿಲ್ಲ.

"ಉಗುಳಲೇ!"

ಇಷ್ಟು ವರ್ಷ ಬೇಡ ಅಂದವರೇ ಈಗ ಉಗುಳು ಅನ್ನುತ್ತಿದ್ದರು. ಉಗುಳಿದೆ. ಬಾಯಿ ತುಂಬಿದ್ದಷ್ಟನ್ನೂ ಸುಣ್ಣದ ಗೆರೆಯ ಮೇಲೆ ಉಗುಳಿದೆ. ನಮ್ಮ ಹೊಸ್ತಿಲ ಮುಂದೆ ಗೆರೆ ಕೆಂಪಾಗಿ ಕದಡಿಹೋಯಿತು. ಮಾಲತೇಶಪ್ಪನ ಧೋತರದ ಮೇಲೂ ಹನಿಗಳು ಬಿದ್ದಿದ್ದವು. ಅವನು ಹೇಸಿ ಕೈ ಬಿಟ್ಟು ಹಿಂದೆ ಸರಿದ.

ಅಯ್ಯನವರು ತಲೆ ಎತ್ತಿ ಬಿಸಿಲು ನೋಡಿದರು. "ಮಧ್ಯಾನ್ನತನಾ ಚಲೋ ವ್ಯಾಳ್ಯಾ ಐತಿ. ಬ್ಯಾರೆ ಎಲಿ ತರಸ್ರಿ. ಬ್ಯಾರೆ ಕೈ ನೋಡ್ರಿ."

ನನ್ನ ಚಂಚಿಯಲ್ಲಿ ಎಲೆ ಇದ್ದವು. ಅವನ್ನು ಯಾರೂ ಕೇಳಲಿಲ್ಲ.

"ಗೂಡ್ಯಾ! ಸೈಕಲ್ ತಗೊಂಡ ಹೋಗಿ ಎಲಿ ತಗೊಂಡ ಬಾ. ಲಗೂ!"

ಗೂಡುಸಾಬ ಗೋದಲಿ ಬಿಟ್ಟು ಬಂದ. ಸೈಕಲ್ಲು ಗೋಡೆಗೆ ಒರಗಿತ್ತು. ಅದರ ಹತ್ತಿರ ಹೋದ. ಮುಗಿಯಿತು ಅಂದುಕೊಂಡೆ. ಅವನು ಸೈಕಲ್ಲು ದಾಟಿ ಬಂದು, ನನ್ನ ಪಕ್ಕದಲ್ಲಿ, ಆ ಕೆಂಪು ಗೆರೆಯ ಮೇಲೆಯೇ ಕುಕ್ಕರಗಾಲಲ್ಲಿ ಕೂತ.

"ಲೇ ಗೂಡ್ಯಾ, ಕಿವಿ ಸತ್ತಾವೇನಲೇ?"

ಸೋಮಣ್ಣ ಗೋಡೆಯ ಗೂಟದಿಂದ ಬಾರಕೋಲು ತೆಗೆದು ಮೆಟ್ಟಿಲು ಇಳಿಯತೊಡಗಿದ. ಗೂಡುಸಾಬ ಅವನ ಕಡೆ ನೋಡಲಿಲ್ಲ. ಅವನು ಎಲೆ ಅಡಿಕೆ ತಿನ್ನುವವನೇ ಅಲ್ಲ. ನನ್ನ ಮುಂದೆ ಅಂಗೈ ಚಾಚಿದ.

"ನಂಗೂ ಒಂದೀಟು ಕೊಡ," ಅಂದ.

ನಾನು ಚಂಚಿ ಬಿಚ್ಚಿದೆ.